ಸಮುದ್ರ ನೋಡಲು ಹೊರಟವರು ಮಂಗಳೂರಿನ ಯಾವ ಓಣಿಯಲ್ಲಿ ಇಳಿಯಬೇಕು?

ಬಾದನಹಟ್ಟಿಯಿಂದ, ಕುರುಗೋಡು ಮತ್ತು ಸಿರುಗುಪ್ಪ ತಾಲ್ಲೂಕಿನ ಹಳ್ಳಿಗಳಿಂದ ಮಂಗಳೂರಿಗೆ ಹೊರಡುವ ಮನೆಗಳ ಹಿರಿಯರಿಗೆ, ಅವರಿಗಾಗಿ ಮೊಬೈಲಿನಲ್ಲಿ ರೂಮು ಹಿಡಿಯುವ ಮಕ್ಕಳಿಗೆ,



ಭತ್ತದ ಕೊಯ್ಲು ಮುಗಿದು, ಮೆಣಸಿನಕಾಯಿ ಬಿಡಿಸುವ ಕೆಲಸ ಜೋರಾಗುವುದರೊಳಗೆ ನಮ್ಮ ಸೀಮೆಯಲ್ಲಿ ಒಂದಷ್ಟು ದಿನ ಬಿಡುವು ಸಿಗುತ್ತದೆ. ಆಗ ಊರಿನ ಕಟ್ಟೆಯ ಮೇಲೆ ಕೇಳಿಬರುವ ಮಾತು ನಿಮಗೆಲ್ಲ ಗೊತ್ತು: ಧರ್ಮಸ್ಥಳ ಮಾಡಿಕೊಂಡು, ಸುಬ್ರಹ್ಮಣ್ಯ ಮಾಡಿಕೊಂಡು, ಹಾಗೇ ಮಂಗಳೂರಿಗೆ ಹೋಗಿ ಸಮುದ್ರ ನೋಡಿಕೊಂಡು ಬರೋಣ. ಯಾವ ದಿನ ಹೊರಡಬೇಕು, ಯಾರ ಗಾಡಿ ಮಾಡಬೇಕು, ರೊಟ್ಟಿ ಎಷ್ಟು ಕಟ್ಟಬೇಕು, ಶೇಂಗಾ ಚಟ್ನಿಪುಡಿ ಯಾರ ಮನೆಯದು ಎಂಬುದೆಲ್ಲ ವಾರಗಟ್ಟಲೆ ಚರ್ಚೆಯಾಗುತ್ತದೆ. ಎಲ್ಲಿ ಇಳಿದುಕೊಳ್ಳಬೇಕು ಎಂಬುದನ್ನು ಮಾತ್ರ ಹೊರಡುವ ಹಿಂದಿನ ರಾತ್ರಿ ಮನೆಯ ಹುಡುಗನೋ ಹುಡುಗಿಯೋ ಮೊಬೈಲು ಹಿಡಿದು ಎರಡು ನಿಮಿಷದಲ್ಲಿ ತೀರ್ಮಾನಿಸಿಬಿಡುತ್ತಾರೆ. ಈ ಪತ್ರ ಆ ಎರಡು ನಿಮಿಷಗಳನ್ನು ಕುರಿತದ್ದು.

ಎರಡು ವರ್ಷದ ಹಿಂದಿನ ಡಿಸೆಂಬರಿನಲ್ಲಿ ಬಾದನಹಟ್ಟಿಯ ಒಂದು ಕುಟುಂಬ ಹೀಗೇ ಹೊರಟಿತ್ತು. ಏಳು ಜನ. ಈ ಪತ್ರ ಬರೆಯುತ್ತಿರುವಾತನೂ ಆ ಏಳು ಜನರಲ್ಲಿ ಒಬ್ಬ. ಜೊತೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿ ಇದ್ದರು. ಮೊಣಕಾಲು ನೋವು, ಆದರೆ ಸಮುದ್ರ ನೋಡಬೇಕೆಂಬ ಆಸೆ ಎಲ್ಲರಿಗಿಂತ ಹೆಚ್ಚು. ಮೊಬೈಲಿನಲ್ಲಿ ಕಂಡ ಲಾಡ್ಜಿನ ಕೆಳಗೆ ‘ಸಮುದ್ರಕ್ಕೆ ಎರಡು ಕಿಲೋಮೀಟರ್’ ಎಂದು ಬರೆದಿತ್ತು. ಬಾಡಿಗೆ ಬೇರೆ ಕಡೆಗಿಂತ ಮುನ್ನೂರು ರೂಪಾಯಿ ಕಡಿಮೆ. ಮತ್ತೇನು ಬೇಕು ಎಂದು ಹಿಡಿದರು. ಹೋಗಿ ನೋಡಿದರೆ ಅದು ಹಳೆಯ ಬಂದರಿನ ಹಿಂದಿನ ಒಂದು ಇಕ್ಕಟ್ಟು ಗಲ್ಲಿ. ಕೊಟ್ಟದ್ದು ಮೂರನೆಯ ಮಹಡಿಯ ಕೋಣೆ, ಲಿಫ್ಟ್ ಇಲ್ಲ. ಅಜ್ಜಿ ಒಂದೊಂದು ಮೆಟ್ಟಿಲಿಗೂ ಗೋಡೆ ಹಿಡಿದು, ನಡುವೆ ಎರಡು ಸಲ ಕುಳಿತು ಮೇಲೆ ಬಂದರು. ಕಿಟಕಿಯಲ್ಲಿ ನೀರು ಕಂಡಿತು. ದೋಣಿಗಳು ಸಾಲಾಗಿ ನಿಂತಿದ್ದವು.

“ಇದೇನಪ್ಪ ಸಮುದ್ರ? ನಮ್ಮ ಹೊಳೆ ಇದ್ದಂಗ ಐತಲ್ಲ!” ಎಂದರು ಅಜ್ಜಿ.

ಅವರ ಕಣ್ಣು ಸರಿಯಾಗಿಯೇ ನೋಡಿತ್ತು. ಅದು ಹೊಳೆಯೇ. ಕೆಳಗೆ ನಿಂತಿದ್ದ ರಿಕ್ಷಾದವರು ವಿಷಯ ಬಿಡಿಸಿ ಹೇಳಿದರು: “ಸಮುದ್ರ ಹೊಳೆಯ ಆಚೆ ಉಂಟು ಮಾರಾಯ್ರೆ. ರಸ್ತೆಯಲ್ಲಿ ಹೋಗುವುದಾದ್ರೆ ಕೂಳೂರು ಸುತ್ತಿ ಬರಬೇಕು.” ಎರಡು ಕಿಲೋಮೀಟರ್ ಎಂದು ಬರೆದದ್ದು ಹಕ್ಕಿ ಹಾರುವ ದೂರ. ಮನುಷ್ಯರು ಹೋಗುವ ದಾರಿ ಹತ್ತು ಹನ್ನೆರಡು ಕಿಲೋಮೀಟರ್. ಉಳಿಸಿದ ಮುನ್ನೂರು ರೂಪಾಯಿ ಮೊದಲ ದಿನದ ರಿಕ್ಷಾಕ್ಕೇ ಸಾಲಲಿಲ್ಲ. ಎರಡನೆಯ ದಿನ ಅಜ್ಜಿ ಮೆಟ್ಟಿಲಿಗೆ ಹೆದರಿ ಕೋಣೆಯಲ್ಲೇ ಉಳಿದರು. ನಾನೂರು ಕಿಲೋಮೀಟರಿಗೂ ಹೆಚ್ಚು ದಾರಿ ಬಂದ ಅವರು ಸಮುದ್ರ ಕಂಡದ್ದು ವಾಪಸು ಹೊರಡುವ ದಿನ, ಅರ್ಧ ಗಂಟೆ ಮಾತ್ರ.

ಇಂಥ ಕಥೆ ನಿಮ್ಮ ಮನೆಯಲ್ಲೂ ಇರಬಹುದು. ಅದಕ್ಕೇ ನಿಮ್ಮೆಲ್ಲರನ್ನೂ ಉದ್ದೇಶಿಸಿ ಬರೆಯಬೇಕಾಯಿತು.

ಮಂಗಳೂರಿನ ನೆಲದ ರಚನೆ ಮೊದಲು ತಿಳಿಯಬೇಕು. ದಕ್ಷಿಣದಿಂದ ನೇತ್ರಾವತಿ, ಉತ್ತರದಿಂದ ಗುರುಪುರ ಹೊಳೆ ಬಂದು ನಗರದ ನೈರುತ್ಯ ಮೂಲೆಯಲ್ಲಿ ಕೂಡಿ ಸಮುದ್ರ ಸೇರುತ್ತವೆ. ಗುರುಪುರ ಹೊಳೆಗೆ ಫಲ್ಗುಣಿ ಎಂದೂ ಹೆಸರು. ಅದು ಸಮುದ್ರದ ಹತ್ತಿರ ಬಂದದ್ದು ನೇರ ಒಳಗೆ ಹೋಗದೆ, ದಡಕ್ಕೆ ಸಮನಾಗಿ ದಕ್ಷಿಣಕ್ಕೆ ಹರಿಯುತ್ತದೆ. ಹೀಗಾಗಿ ಹೊಳೆಗೂ ಕಡಲಿಗೂ ನಡುವೆ ಉದ್ದನೆಯ ಮರಳಿನ ಪಟ್ಟಿಯೊಂದು ಉಳಿದಿದೆ. ತಣ್ಣೀರುಬಾವಿ, ಬೆಂಗ್ರೆ ಇರುವುದು ಆ ಪಟ್ಟಿಯ ಮೇಲೆ. ಹಳೆಯ ಮಂಗಳೂರು ಪೇಟೆ ಬೆಳೆದದ್ದು ಹೊಳೆಯ ಈಚೆ ದಡದಲ್ಲಿ. ಕಡಲ ನಗರ ಎಂದು ಹೆಸರಾದರೂ ಅದರ ನಡುಪೇಟೆ ಹೊಳೆಯ ನಗರ. ಬೆಂಗ್ರೆಯ ಜನ ಬಂದರಿನಿಂದ ದೋಣಿಯಲ್ಲೇ ದಾಟುತ್ತಾರೆ. ನಿಮ್ಮಂಥ ಪ್ರವಾಸಿಗರಿಗೆ ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದೋಣಿ ಉಂಟು. ಕೆಲವೇ ನಿಮಿಷದ ದಾಟು. ಆ ಬತ್ತೇರಿ ಟಿಪ್ಪು 1784ರಲ್ಲಿ ಕಟ್ಟಿಸಿದ ಕಪ್ಪು ಕಲ್ಲಿನ ಕಾವಲು ಗೋಪುರ. ಆದರೆ ದೋಣಿ ಕತ್ತಲಾದ ಮೇಲೆ ಸಿಗುವುದಿಲ್ಲ, ಮಳೆಗಾಲದಲ್ಲಿ ಹೊಳೆ ಏರಿದಾಗ ನಿಲ್ಲುತ್ತದೆ. ಇದನ್ನು ಯಾವ ಮೊಬೈಲೂ ‘ಸಮುದ್ರಕ್ಕೆ ಎರಡು ಕಿಲೋಮೀಟರ್’ ಎಂಬುದರ ಪಕ್ಕದಲ್ಲಿ ಬರೆಯುವುದಿಲ್ಲ.

ಬಳ್ಳಾರಿಗೂ ಮಂಗಳೂರಿಗೂ ಇರುವ ನಂಟು ಪ್ರವಾಸಕ್ಕಿಂತ ಹಳೆಯದು. ಬಳ್ಳಾರಿಯೂ ಮಂಗಳೂರು ಇರುವ ದಕ್ಷಿಣ ಕನ್ನಡವೂ ಒಂದು ಕಾಲಕ್ಕೆ ಮದ್ರಾಸ್ ಪ್ರಾಂತ್ಯದ ಜಿಲ್ಲೆಗಳು. ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು, ದಕ್ಷಿಣ ಕನ್ನಡ 1956ರ ನವೆಂಬರ್ 1ರಂದು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಹೊರಡಿಸಿದರು. ಮರುವರ್ಷ ಅದೇ ಪತ್ರಿಕೆ ‘ಕನ್ನಡ ಸಮಾಚಾರ’ ಎಂಬ ಹೆಸರಿನಲ್ಲಿ ಅಚ್ಚಾಗತೊಡಗಿದ್ದು ನಮ್ಮ ಬಳ್ಳಾರಿಯಲ್ಲಿ. ಅದಿರು ರಫ್ತಿನ ಕಾಲದಲ್ಲಿ ಲಾರಿ ಓಡಿಸಿದ ನಮ್ಮ ಕಡೆಯ ಚಾಲಕರಿಗೆ ದೊಡ್ಡ ಬಂದರಿರುವ ಪಣಂಬೂರಿನ ಹೆಸರು ಮನೆಯ ಹೆಸರಿನಷ್ಟೇ ಪರಿಚಿತ. ಇಷ್ಟೆಲ್ಲ ನಂಟಿರುವ ಊರಿಗೆ ಹೋಗಿ ಓಣಿ ತಪ್ಪಿ ಇಳಿಯುವುದು ನಮಗೆ ತಕ್ಕದ್ದಲ್ಲ.

ಈ ಗೊಂದಲ ಮಂಗಳೂರಿನದಷ್ಟೇ ಅಲ್ಲ. ಮೆಕ್ಸಿಕೋ ದೇಶದ ಪಶ್ಚಿಮ ಕರಾವಳಿಯಲ್ಲಿ ಪ್ವೆರ್ಟೊ ವಯಾರ್ಟಾ ಎಂಬ ನಗರವಿದೆ. ಅಲ್ಲೂ ಕ್ವಾಲೆ ಎಂಬ ಹೊಳೆ ಊರನ್ನು ಸೀಳಿಕೊಂಡು ಕಡಲಿಗೆ ಹೋಗುತ್ತದೆ. ಹೊಳೆಯ ದಕ್ಷಿಣಕ್ಕೆ ಕಲ್ಲು ಹಾಸಿದ ಬೀದಿಗಳ ಹಳೆಯ ಕೇರಿ, ಅದರ ಬೆನ್ನಿಗೆ ಕಡಿದಾದ ಗುಡ್ಡ. ಉತ್ತರಕ್ಕೆ ದೊಡ್ಡ ಹೋಟೆಲುಗಳ ಸಾಲು. ಇನ್ನೂ ಆಚೆ ವಿಮಾನ ನಿಲ್ದಾಣದ ಮಗ್ಗುಲಿಗೆ ಹೊಸ ಬಡಾವಣೆ. ಅಲ್ಲಿಗೆ ಹೋಗುವವರು ಟಿಕೆಟ್ ತೆಗೆಯುವ ಮೊದಲೇ ಕೇಳುವ ಪ್ರಶ್ನೆ, ಈ ಮೂರರಲ್ಲಿ ಯಾವ ಕಡೆ ಇಳಿಯಬೇಕು ಎಂಬುದು. ಮೆಟ್ಟಿಲು ಹತ್ತಲಾಗದವರಿಗೆ ಗುಡ್ಡದ ಕೇರಿ ಬೇಡ, ಸಂಜೆ ಬೀದಿ ಸುತ್ತುವವರಿಗೆ ಹೋಟೆಲು ಸಾಲು ಬೇಡ ಎಂದು ಲೆಕ್ಕ ಹಾಕುತ್ತಾರೆ. ನಾವೂ ಅದೇ ಲೆಕ್ಕ ಹಾಕೋಣ, ನಮ್ಮ ಕಾಲುಗಳಿಗೆ ಹೊಂದುವಂತೆ.

ಈ ಪತ್ರದ ಮುಖ್ಯ ಮಾತು ಇಷ್ಟು: ನಿಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಕಡಿಮೆ ನಡೆಯಬಲ್ಲವರು ಯಾರು ಎಂದು ಮೊದಲು ನೋಡಿ, ಅವರಿಗೆ ಆಗುವ ಓಣಿಯನ್ನು ಹಿಡಿಯಿರಿ. ಉಳಿದವರು ಹೇಗಾದರೂ ಹೊಂದಿಕೊಳ್ಳುತ್ತಾರೆ. ಆಮೇಲೆ ಬಂದ ಕೆಲಸ ಯಾವುದು ಎಂದು ನೋಡಿ. ದೇವಸ್ಥಾನವೇ, ಆಸ್ಪತ್ರೆಯೇ, ಮಗನ ಕಾಲೇಜೇ, ಸಮುದ್ರವೇ? ಬಾಡಿಗೆ ಎಷ್ಟೆಂಬುದು ಮೂರನೆಯ ಪ್ರಶ್ನೆ. ಈಗ ನಮ್ಮ ಮನೆಗಳಲ್ಲಿ ಅದೇ ಮೊದಲನೆಯದಾಗಿದೆ.

ಬಳ್ಳಾರಿಯಿಂದ ರಾತ್ರಿ ಬಸ್ಸು ಹತ್ತಿದವರು ಬೆಳಗಿನ ಜಾವ ಇಳಿಯುವುದು ಬಿಜೈಯಲ್ಲಿರುವ ಸರ್ಕಾರಿ ಬಸ್ ನಿಲ್ದಾಣದಲ್ಲಿ. ನಗರದ ಖಾಸಗಿ ಬಸ್ಸುಗಳು ಓಡಾಡುವ ನಿಲ್ದಾಣ ಬೇರೆ, ಅದು ಹಂಪನಕಟ್ಟೆಯ ಕೆಳಗೆ. ಕಂಡಕ್ಟರುಗಳು ‘ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್’ ಎಂದು ಕೂಗಿದರೆ ಅದು ಬ್ಯಾಂಕಲ್ಲ, ಆ ನಿಲ್ದಾಣದ ಹೆಸರು. ರೈಲಿನಲ್ಲಿ ಬರುವವರಿಗೆ ಇನ್ನೊಂದು ತೊಡಕು. ಮಂಗಳೂರು ಸೆಂಟ್ರಲ್ ಪೇಟೆಯ ನಡುವೆ ಇದೆ; ಮಂಗಳೂರು ಜಂಕ್ಷನ್ ಊರ ಹೊರಗೆ ಪಡೀಲಿನಲ್ಲಿದೆ. ಈ ಜಂಕ್ಷನ್ನಿಗೆ ಹಿಂದೆ ಕಂಕನಾಡಿ ಎಂದು ಹೆಸರಿತ್ತು, ಆದರೆ ಫಾದರ್ ಮುಲ್ಲರ್ ಆಸ್ಪತ್ರೆಯಿರುವ ಕಂಕನಾಡಿ ಅಲ್ಲಿಂದ ದೂರ. ಹಳಬರು ಈಗಲೂ ‘ಕಂಕನಾಡಿ ಸ್ಟೇಷನ್’ ಎನ್ನುವುದುಂಟು. ಅದನ್ನು ನಂಬಿ ಸ್ಟೇಷನ್ನಿನ ಎದುರಿಗೇ ಆಸ್ಪತ್ರೆ ಇದೆಯೆಂದು ಎಣಿಸಿ, ರೋಗಿಯನ್ನು ಹೊತ್ತು ಇಳಿದು ಪೇಚಾಡಿದವರನ್ನು ಈ ಪತ್ರಲೇಖಕ ಕಂಡಿದ್ದಾನೆ.

ಹಂಪನಕಟ್ಟೆ ಮಂಗಳೂರಿನ ಹೊಕ್ಕುಳು. ಸೆಂಟ್ರಲ್ ರೈಲು ನಿಲ್ದಾಣ, ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣ, 1848ರಷ್ಟು ಹಳೆಯ ವೆನ್ಲಾಕ್ ಸರ್ಕಾರಿ ಆಸ್ಪತ್ರೆ, ಬಟ್ಟೆ ಅಂಗಡಿಗಳು, ಊಟದ ಹೋಟೆಲುಗಳು ಎಲ್ಲವೂ ಕೂಗಳತೆಯಲ್ಲಿವೆ. ಮೊದಲ ಸಲ ಹೋಗುವವರಿಗೆ, ಸ್ವಂತ ಗಾಡಿ ಇಲ್ಲದವರಿಗೆ ಇದಕ್ಕಿಂತ ಅನುಕೂಲದ ಜಾಗ ಸಿಗದು. ಎಲ್ಲಿಗೆ ಹೋಗಲೂ ಬಸ್ಸು ಬಾಗಿಲಲ್ಲೇ ಸಿಗುತ್ತದೆ. ಶರವು ಗಣಪತಿ ದೇವಸ್ಥಾನಕ್ಕೆ, ರಥಬೀದಿಯ ವೆಂಕಟರಮಣ ದೇವಸ್ಥಾನಕ್ಕೆ ನಡೆದು ಹೋಗಬಹುದು. ಮಾಂಸ ಮೀನು ಮುಟ್ಟದ ಹಿರಿಯರಿಗೆ ಸಸ್ಯಾಹಾರಿ ಊಟದ ಚಿಂತೆಯಿಲ್ಲ. ಆದರೆ ಟೆಂಪೊ ಟ್ರಾವೆಲರ್ ಮಾಡಿಕೊಂಡು ಹೋಗುವವರು ಇಲ್ಲಿ ಇಳಿಯಬೇಡಿ. ಗಾಡಿ ನಿಲ್ಲಿಸಲು ಜಾಗವಿಲ್ಲದೆ ಚಾಲಕ ರಾತ್ರಿಯೆಲ್ಲ ಅಲೆಯುತ್ತಾನೆ, ಬೆಳಿಗ್ಗೆ ಘಾಟಿಯಲ್ಲಿ ತೂಕಡಿಸುತ್ತಾನೆ. ಗುಂಪಿನಲ್ಲಿ ಕಡಿಮೆ ನಡೆಯಬಲ್ಲವರು ಯಾರೆಂದು ನೋಡುವಾಗ ಕಡಿಮೆ ನಿದ್ದೆ ಮಾಡಿದವರು ಯಾರೆಂದೂ ನೋಡಬೇಕು.

ಈ ಪತ್ರಲೇಖಕನ ಮನಸ್ಸು ಬಿಜೈ ಮತ್ತು ಕದ್ರಿಯ ಕಡೆಗಿದೆ. ಬಸ್ಸಿಳಿದ ಜಾಗಕ್ಕೆ ಹತ್ತಿರ, ರಾತ್ರಿ ಶಾಂತ, ಗಾಡಿ ನಿಲ್ಲಿಸಲು ಪೇಟೆಗಿಂತ ಮೇಲು. ಕದ್ರಿ ಮಂಜುನಾಥ ದೇವಸ್ಥಾನ ಪಕ್ಕದಲ್ಲೇ. ಅಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದಲ್ಲಿ ಕ್ರಿ.ಶ. 968ರ ಶಾಸನವಿದೆ. ಕುರುಗೋಡಿನ ದೊಡ್ಡ ಬಸವಣ್ಣನನ್ನು ನೋಡುತ್ತ ಬೆಳೆದ ನಮ್ಮ ಕಣ್ಣಿಗೆ ಆ ವಿಗ್ರಹದ ಸೂಕ್ಷ್ಮ ಕೆಲಸ ಬೇರೆಯೇ ಲೋಕ. ಅಲ್ಲಿ ಅವಸರ ಮಾಡಬೇಡಿ. ಹಿಂದೆ ಗುಡ್ಡದ ಮೇಲೆ ಕೆರೆಗಳಿವೆ, ಹತ್ತಿರದಲ್ಲೇ ಮಕ್ಕಳಿಗೆ ಪಾರ್ಕು ಇದೆ. ಬೆಳಿಗ್ಗೆ ಉಡುಪಿಯ ಕಡೆ ಹೋಗುವುದಿದ್ದರೂ ಇಲ್ಲಿಂದ ಪೇಟೆಯ ಗದ್ದಲ ತಪ್ಪಿಸಿ ಹೆದ್ದಾರಿ ಸೇರಬಹುದು.

ಊರೆಲ್ಲ ಏರಿಳಿತ ಎಂಬುದನ್ನು ಮರೆಯಬೇಡಿ. ನಮ್ಮದು ಕಣ್ಣು ಹಾಯುವಷ್ಟು ದೂರ ಸಮತಟ್ಟಾದ ಎರೆಭೂಮಿ. ಅರ್ಧ ಕಿಲೋಮೀಟರ್ ಎಂದರೆ ನಮಗೆ ಅರ್ಧ ಕಿಲೋಮೀಟರೇ. ಮಂಗಳೂರಿನಲ್ಲಿ ಅದೇ ಅರ್ಧ ಕಿಲೋಮೀಟರ್ ಬೆವರಿಳಿಸುವ ದಿಬ್ಬವಾಗಿರಬಹುದು. ಅದನ್ನು ತಿಳಿಯಲು ಒಂದು ಸುಲಭದ ದಾರಿಯಿದೆ, ರೈತರಿಗೆ ಬೇಗ ಹಿಡಿಸುವಂಥದ್ದು. ಅಲ್ಲಿನ ಜಾಗದ ಹೆಸರುಗಳನ್ನು ಗಮನಿಸಿ. ಬಾವುಟಗುಡ್ಡೆಯಂತೆ ಹೆಸರಿನಲ್ಲಿ ಗುಡ್ಡೆ ಇದ್ದರೆ ಏರು ಗ್ಯಾರಂಟಿ. ಪದವು ಎಂದರೆ ಗುಡ್ಡದ ನೆತ್ತಿಯ ಬಯಲು, ಅಲ್ಲಿಗೆ ಮುಟ್ಟಿದ ಮೇಲೆ ಸಮತಟ್ಟು. ಕೊಡಿಯಾಲ್‌ಬೈಲಿನಂತೆ ಬೈಲು ಎಂದಿದ್ದರೆ ಅದು ಒಂದು ಕಾಲದ ತಗ್ಗಿನ ಗದ್ದೆ. ದಕ್ಷಿಣ ಕನ್ನಡದ ರೈತರು ಗದ್ದೆಯನ್ನು ಬೈಲು, ಮಜಲು, ಬೆಟ್ಟು ಎಂದು ಮೂರಾಗಿ ವಿಂಗಡಿಸುತ್ತಿದ್ದರು: ನೀರು ನಿಲ್ಲುವ ತಗ್ಗು ಬೈಲು, ನಡುವಿನದು ಮಜಲು, ಮಳೆಯನ್ನೇ ನಂಬಿದ ಎತ್ತರದ್ದು ಬೆಟ್ಟು. ಕಾಲುವೆಯ ನೀರು ಯಾವ ಮಡಿಗೆ ಮೊದಲು ಏರುತ್ತದೆ, ಯಾವ ಮಡಿಯಲ್ಲಿ ನಿಲ್ಲುತ್ತದೆ ಎಂದು ಬಲ್ಲ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗದ್ದೆಗಳು ಹೋಗಿ ಕಟ್ಟಡಗಳು ಬಂದಿವೆ, ನೀರಿಗೆ ಮಾತ್ರ ಹಳೆಯ ದಾರಿ ನೆನಪಿದೆ. 2018ರ ಮೇ 29ರಂದು ಒಂದೇ ದಿನ ಸುರಿದ ಮಳೆಗೆ ಮಂಗಳೂರಿನ ತಗ್ಗು ಪ್ರದೇಶಗಳು ಮುಳುಗಿದವು. ಕೊಟ್ಟಾರ ಚೌಕಿಯಂಥ ಕಡೆ ಜೋರು ಮಳೆಗೆ ರಸ್ತೆಯೇ ಹೊಳೆಯಾಗುವುದು ಅಲ್ಲಿಯವರಿಗೆ ಹೊಸದಲ್ಲ.

ಮಳೆಯ ಮಾತು ಬಂದದ್ದಕ್ಕೆ ಹೇಳಬೇಕು. ಬಳ್ಳಾರಿಯಲ್ಲಿ ವರ್ಷವೆಲ್ಲ ಬೀಳುವ ಮಳೆಗಿಂತ ಹೆಚ್ಚು ಮಳೆ ಮಂಗಳೂರಿನಲ್ಲಿ ಜುಲೈ ಒಂದೇ ತಿಂಗಳಲ್ಲಿ ಬೀಳುತ್ತದೆ. ನಮಗೆ ಮಳೆ ನೋಡುವುದೇ ಹಬ್ಬ, ಹೋಗಿ ಬನ್ನಿ. ಆದರೆ ಆಗ ಸಮುದ್ರದ ದಡದ ಓಣಿ ಬೇಡ, ಗುಡ್ಡದ ಮೇಲಿನದೇ ಇರಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮೀನಿನ ಊಟಕ್ಕೆಂದು ಹೋಗುವವರು ಆ ಎರಡು ತಿಂಗಳು ಬಿಟ್ಟರೆ ಒಳ್ಳೆಯದು.

ಸಮುದ್ರವೇ ಮುಖ್ಯ ಎನ್ನುವವರು ಸುರತ್ಕಲ್ ಕಡೆ ಯೋಚಿಸಿ. ಹಂಪನಕಟ್ಟೆಯಿಂದ ಸುಮಾರು ಹದಿನಾರು ಕಿಲೋಮೀಟರ್ ಉತ್ತರಕ್ಕಿದೆ. 1960ರಲ್ಲಿ ಕೆಆರ್‌ಇಸಿ ಎಂದು ಶುರುವಾದ ಎಂಜಿನಿಯರಿಂಗ್ ಕಾಲೇಜು ಈಗ ಎನ್‌ಐಟಿಕೆ. ಮಗನನ್ನೋ ಮಗಳನ್ನೋ ಅಲ್ಲಿಗೆ ಸೇರಿಸಲು ಹೋಗುವ ತಂದೆತಾಯಿ ಹಂಪನಕಟ್ಟೆಯಲ್ಲಿ ಇಳಿದು ದಿನಕ್ಕೆರಡು ಸಲ ಓಡಾಡುವ ಬದಲು ಸುರತ್ಕಲ್ಲಿನಲ್ಲೇ ಇಳಿಯುವುದು ಮೇಲು. ಸಮುದ್ರ, ದೀಪಸ್ತಂಭ, ದಡದ ಸದಾಶಿವ ದೇವಸ್ಥಾನ ಎಲ್ಲವೂ ಅಲ್ಲೇ ಇವೆ.

ಪಣಂಬೂರಿಗೆ ಹೋಗಿ ಬನ್ನಿ, ಉಳಿಯಬೇಡಿ. ನಮ್ಮಂಥ ಮೊದಲ ಸಲದವರಿಗೆ ಅಲ್ಲಿನ ದಡ ಒಳ್ಳೆಯದು: ವಿಶಾಲ, ಜನ ಇರುತ್ತಾರೆ, ಜೀವರಕ್ಷಕರು ಇರುತ್ತಾರೆ. ಆದರೆ ಪಕ್ಕದಲ್ಲಿ 1974ರಿಂದ ದೊಡ್ಡ ಬಂದರಿದೆ, ಬೈಕಂಪಾಡಿಯ ಕೈಗಾರಿಕಾ ಪ್ರದೇಶವಿದೆ, ಗೊಬ್ಬರದ ಕಾರ್ಖಾನೆಯಿದೆ. ಹೆದ್ದಾರಿಯಲ್ಲಿ ಟ್ಯಾಂಕರುಗಳ ಸಾಲು ರಾತ್ರಿಯೂ ನಿಲ್ಲುವುದಿಲ್ಲ. ಮಕ್ಕಳನ್ನು ಕರೆದುಕೊಂಡು ರಸ್ತೆ ದಾಟುವ ಜಾಗವಲ್ಲ ಅದು.

ನೇತ್ರಾವತಿ ಸೇತುವೆಯ ಆಚೆ ತೊಕ್ಕೊಟ್ಟು, ಉಳ್ಳಾಲ, ಸೋಮೇಶ್ವರ, ದೇರಳಕಟ್ಟೆ. ಇವುಗಳ ಬಗ್ಗೆ ಹೇಳಲೇಬೇಕಾದ್ದು ಆಸ್ಪತ್ರೆಯ ಕಾರಣಕ್ಕೆ. ನಮ್ಮ ಹಳ್ಳಿಗಳಿಂದ ಮಂಗಳೂರಿಗೆ ಚಿಕಿತ್ಸೆಗೆ ಹೋಗುವವರು ಕಡಿಮೆಯಿಲ್ಲ, ಮತ್ತು ‘ಮಂಗಳೂರಿನ ಆಸ್ಪತ್ರೆ’ ಎಂಬುದು ಒಂದು ಜಾಗವಲ್ಲ. 1880ರಲ್ಲಿ ಆರಂಭವಾದ ಫಾದರ್ ಮುಲ್ಲರ್ ಕಂಕನಾಡಿಯಲ್ಲಿದೆ, ಕೆಎಂಸಿ ಅತ್ತಾವರದಲ್ಲೂ ಜ್ಯೋತಿ ವೃತ್ತದ ಹತ್ತಿರವೂ ಇದೆ, ಎ.ಜೆ. ಆಸ್ಪತ್ರೆ ಕುಂಟಿಕಾನದಲ್ಲಿದೆ, ಯೆನೆಪೋಯ ಮತ್ತು ಕೆ.ಎಸ್. ಹೆಗ್ಡೆ ಆಸ್ಪತ್ರೆಗಳು ಸೇತುವೆ ದಾಟಿ ದೇರಳಕಟ್ಟೆಯಲ್ಲಿವೆ. ಚೀಟಿಯ ಮೇಲೆ ಬರೆದ ಆಸ್ಪತ್ರೆಯ ಹೆಸರಿನ ಕೆಳಗೆ ಜಾಗದ ಹೆಸರನ್ನೂ ಬರೆಸಿಕೊಳ್ಳಿ, ಆಮೇಲೆ ರೂಮು ಹುಡುಕಿ. ರೋಗಿಯ ಜೊತೆ ಹೋದವರು ದಿನಕ್ಕೆ ನಾಲ್ಕು ಸಲ ಓಡಾಡಬೇಕಾಗುತ್ತದೆ: ಗಂಜಿ ತರಲು, ಬಟ್ಟೆ ಬದಲಿಸಲು, ಸ್ವಲ್ಪ ಕಣ್ಣು ಮುಚ್ಚಲು. ಇಲ್ಲಿ ಸಮುದ್ರದ ಗಾಳಿಗಿಂತ ಆಸ್ಪತ್ರೆಯ ಗೇಟು ಹತ್ತಿರವಿರುವುದು ಮುಖ್ಯ. ದೇರಳಕಟ್ಟೆಗೆ ಹೋಗುವವರು ದೇರಳಕಟ್ಟೆಯಲ್ಲೇ, ಸಿಗದಿದ್ದರೆ ತೊಕ್ಕೊಟ್ಟಿನಲ್ಲಿ ಇಳಿಯಿರಿ.

ಉಳ್ಳಾಲ ರಾಣಿ ಅಬ್ಬಕ್ಕನ ಊರು, ನೋಡಲೇಬೇಕು. ಸೋಮೇಶ್ವರದ ದೇವಸ್ಥಾನ ಕಡಲಿಗೆ ಚಾಚಿದ ಬಂಡೆಯ ಮೇಲಿದೆ. ಆದರೆ ಆ ಭಾಗದಲ್ಲಿ ಮಳೆಗಾಲದ ಕಡಲ್ಕೊರೆತ ಮನೆಗಳನ್ನೇ ನುಂಗಿದೆ. ಬಂಡೆಗಳ ಸುತ್ತ ನೀರಿನ ಸೆಳೆತ ಬಲವಾಗಿದೆ. ಯುವಕರೇ, ನಿಮಗೆ ಕೈ ಮುಗಿದು ಹೇಳುವ ಮಾತು ಇದು: ತುಂಗಭದ್ರೆಯ ಕಾಲುವೆಯಲ್ಲಿ ಈಜು ಕಲಿತ ಧೈರ್ಯವನ್ನು ಸಮುದ್ರದಲ್ಲಿ ತೋರಿಸಬೇಡಿ. ಕಾಲುವೆಯ ನೀರು ಒಂದೇ ಕಡೆ ಎಳೆಯುತ್ತದೆ, ಅಡ್ಡ ಈಜಿದರೆ ಏರಿ ಸಿಗುತ್ತದೆ. ಸಮುದ್ರದಲ್ಲಿ ಮೇಲಿನ ಅಲೆ ದಡಕ್ಕೆ ತಳ್ಳುವಾಗಲೇ ಕೆಳಗಿನ ನೀರು ಒಳಕ್ಕೆ ಎಳೆಯುತ್ತಿರುತ್ತದೆ. ಕೆಂಪು ಬಾವುಟ ಕಂಡರೆ, ಜೀವರಕ್ಷಕರು ಸೀಟಿ ಊದಿದರೆ ವಾದಿಸದೆ ಹಿಂದೆ ಬನ್ನಿ. ದಡದ ಪಕ್ಕದಲ್ಲೇ ರೂಮು ಹಿಡಿದವರು ಕತ್ತಲಲ್ಲಿ ನೀರಿಗಿಳಿಯುವುದು ಹೆಚ್ಚು. ಈ ಭಾಗದಲ್ಲಿ ದಡದಿಂದ ದೂರ ಇಳಿಯಿರಿ ಎನ್ನುವುದಕ್ಕೆ ಅದೂ ಒಂದು ಕಾರಣ.

ಊಟದ ವಿಷಯಕ್ಕೆ ಒಂದು ಮಾತು. ಅಲ್ಲಿ ಊಟ ಎಂದರೆ ಕೆಂಪು ಕುಚ್ಚಲಕ್ಕಿ ಅನ್ನ ಬರಬಹುದು. ಸಿರುಗುಪ್ಪದ ಸೋನಾಮಸೂರಿ ಉಂಡು ಬೆಳೆದ ಹಿರಿಯರು ಮೊದಲ ತುತ್ತಿಗೇ ಕೈ ತೆಗೆಯುತ್ತಾರೆ. ಬಡಿಸುವವರಿಗೆ ‘ಬೆಳ್ತಿಗೆ ಕೊಡಿ’ ಎನ್ನಿ, ಬಿಳಿ ಅನ್ನ ಬರುತ್ತದೆ. ಆದರೆ ಒಂದು ಹೊತ್ತಾದರೂ ಕುಚ್ಚಲಕ್ಕಿ ಉಂಡು ನೋಡಿ, ಅದೂ ಭತ್ತ ಬೆಳೆದವರ ಅನ್ನವೇ. ಜೋಳದ ರೊಟ್ಟಿ ಎಲ್ಲ ಕಡೆ ಸಿಗುವುದಿಲ್ಲ, ಕಟಕ ರೊಟ್ಟಿ ಕಟ್ಟಿಕೊಂಡೇ ಹೋಗಿ. ಅಲ್ಲಿಯ ಸೆಕೆ ಗಾಳಿಗೆ ರೊಟ್ಟಿ ಬೇಗ ಮೆತ್ತಗಾಗುತ್ತದೆ, ಡಬ್ಬಿಯ ಮುಚ್ಚಳ ಬಿಗಿಯಿರಲಿ.

ಈಗ ಮೊಬೈಲು ಹಿಡಿಯುವ ಮಕ್ಕಳಿಗೆ. ನಿಮ್ಮ ಮೇಲೆ ಮನೆಯವರು ಇಟ್ಟಿರುವ ನಂಬಿಕೆ ದೊಡ್ಡದು, ಆ ಎರಡು ನಿಮಿಷವನ್ನು ಇಪ್ಪತ್ತು ನಿಮಿಷ ಮಾಡಿಕೊಳ್ಳಿ. ಚಿತ್ರ ನೋಡಿ ದುಡ್ಡು ಕಟ್ಟುವ ಮೊದಲು ಲಾಡ್ಜಿಗೆ ನೇರ ಫೋನು ಮಾಡಿ. ಕೋಣೆ ಯಾವ ಮಹಡಿಯಲ್ಲಿದೆ, ಲಿಫ್ಟ್ ಇದೆಯೇ, ಕೆಡದೆ ಓಡುತ್ತಿದೆಯೇ ಎಂದು ಕೇಳಿ. ಬೆಳಿಗ್ಗೆ ಐದು ಆರಕ್ಕೆ ಬಸ್ಸಿಳಿಯುವವರಿಗೆ ಮಧ್ಯಾಹ್ನ ಹನ್ನೆರಡಕ್ಕೆ ಶುರುವಾಗುವ ರೂಮು ಉಪಯೋಗವಿಲ್ಲ. ಬಂದ ಹೊತ್ತಿನಿಂದ ಇಪ್ಪತ್ತನಾಲ್ಕು ಗಂಟೆ ಎಣಿಸುವ ಲಾಡ್ಜುಗಳೂ ಇರುತ್ತವೆ, ಅದನ್ನೇ ಕೇಳಿ ಹಿಡಿಯಿರಿ. ದೂರವನ್ನು ರಸ್ತೆಯ ಲೆಕ್ಕದಲ್ಲಿ ನೋಡಿ. ಪಾಶ್ಚಾತ್ಯ ಶೌಚಾಲಯ ಇದೆಯೇ ಎಂದು ಕೇಳಲು ನಾಚಬೇಡಿ, ಮೊಣಕಾಲು ನೋವಿನವರಿಗೆ ಅದಿಲ್ಲದಿದ್ದರೆ ಉಳಿದ ಸೌಕರ್ಯವೆಲ್ಲ ದಂಡ. ನವರಾತ್ರಿಯಲ್ಲಿ ಹೋಗುವುದಾದರೆ ಬಹಳ ಮೊದಲೇ ಹಿಡಿಯಿರಿ. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠಾಪಿಸಿದ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದ ದಸರಾಕ್ಕೆ ಊರೆಲ್ಲ ತುಂಬಿರುತ್ತದೆ.

ಇನ್ನೊಂದು ದಾರಿಯೂ ಇದೆ. ಕಟ್ಟಡ ಕೆಲಸಕ್ಕೆ, ಗಾರೆ ಕೆಲಸಕ್ಕೆ, ರಸ್ತೆ ಕೆಲಸಕ್ಕೆಂದು ಬಳ್ಳಾರಿ, ಕೊಪ್ಪಳ, ರಾಯಚೂರಿನಿಂದ ಮಂಗಳೂರಿಗೆ ಹೋಗಿ ನೆಲೆಸಿದವರು ಬಹಳ. ನಿಮ್ಮ ಓಣಿಯವರೇ ಒಬ್ಬರು ಅಲ್ಲಿರಬಹುದು. ಹೊರಡುವ ಮುಂಚೆ ಅವರಿಗೊಂದು ಫೋನು ಮಾಡಿ. ಆ ಊರಿನ ಯಾವ ಗಲ್ಲಿಯಲ್ಲಿ ನೀರು ನಿಲ್ಲುತ್ತದೆ, ಯಾವ ದಿಬ್ಬ ಏರಲಾಗದು ಎಂಬುದು ತಲೆಯ ಮೇಲೆ ಇಟ್ಟಿಗೆ ಹೊತ್ತವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿರುವುದಿಲ್ಲ. ಕೇಳಿದರೆ ಅವರಿಗೂ ಸಂತೋಷ. ಹೋಗುವಾಗ ಅವರಿಗೊಂದು ಕಟ್ಟು ರೊಟ್ಟಿ ಒಯ್ಯಿರಿ.

ಹಿರಿಯರಲ್ಲಿ ಒಂದು ವಿನಂತಿ. ಬಾದನಹಟ್ಟಿಯ ಗ್ರಂಥಾಲಯ ಆಗಲಿ, ನಿಮ್ಮ ನಿಮ್ಮ ಊರಿನ ದೇವಸ್ಥಾನದ ಕಟ್ಟೆ ಆಗಲಿ, ಒಂದು ಕಡೆ ಒಂದು ನೋಟ್‌ಬುಕ್ ಇಡೋಣ. ಪ್ರವಾಸ ಹೋಗಿ ಬಂದವರು ಯಾವ ಊರಿನ ಯಾವ ಓಣಿಯಲ್ಲಿ ಇಳಿದಿದ್ದರು, ಅಲ್ಲಿಂದ ಬಸ್ ನಿಲ್ದಾಣ ಎಷ್ಟು ದೂರ, ಎಷ್ಟು ಮೆಟ್ಟಿಲು, ನೀರು ಹೇಗಿತ್ತು, ಊಟ ಹೇಗಿತ್ತು ಎಂದು ನಾಲ್ಕು ಸಾಲು ಬರೆಯಲಿ. ಮುಂದೆ ಹೋಗುವವರು ಅದನ್ನು ಓದಿ ಹೊರಡಲಿ. ಅಡವಿಟ್ಟ ಒಡವೆ ಬಿಡಿಸುವುದನ್ನು ಮುಂದಕ್ಕೆ ಹಾಕಿ ಪ್ರವಾಸಕ್ಕೆ ದುಡ್ಡು ಹೊಂದಿಸುವ ಮನೆಗಳು ನಮ್ಮಲ್ಲಿವೆ. ಅಂಥವರ ಮೂರು ದಿನ ಒಂದು ತಪ್ಪು ಓಣಿಯಿಂದ ಹಾಳಾಗಬಾರದು.

ಈ ಬರುವ ಜನವರಿಯಲ್ಲಿ ಅದೇ ಏಳು ಜನ ಮತ್ತೆ ಮಂಗಳೂರಿಗೆ ಹೊರಟಿದ್ದಾರೆ. ಕದ್ರಿಯಲ್ಲಿ ನೆಲಮಹಡಿಯ ಎರಡು ಕೋಣೆಗಳಿಗೆ ಫೋನು ಮಾಡಿ ಮಾತಾಡಿಯಾಗಿದೆ. ಬಾಗಿಲಿಗೆ ಎರಡೇ ಮೆಟ್ಟಿಲು. ಅಜ್ಜಿ ಬರಲು ಒಪ್ಪಿದ್ದಾರೆ.

ಇತಿ ತಮ್ಮ ವಿಶ್ವಾಸಿ,
ಬಾದನಹಟ್ಟಿಯ ಒಬ್ಬ ಸಹಪ್ರಯಾಣಿಕ
ಕುರುಗೋಡು ತಾಲ್ಲೂಕು, ಬಳ್ಳಾರಿ ಜಿಲ್ಲೆ